ಎಲೆಕ್ಟ್ರಿಷಿಯನ್ ಬ್ಯಾಗಿಗೆ ಹೊಸ ಟೂಲ್: ದುಡ್ಡು ಮೊದಲು ಯಾವುದಕ್ಕೆ?

ಹೊಸ ಟೂಲ್ ಕೊಳ್ಳಬೇಕು ಅಂತ ಹೊರಟವರ ಕಣ್ಣು ಮೊದಲು ಬೀಳುವುದು ಡ್ರಿಲ್ ಮಷಿನ್ ಮೇಲೆ. ಅದು ಕಾಣುವ ಟೂಲ್, ಸದ್ದು ಮಾಡುವ ಟೂಲ್, ಒಂದು ದಿನದ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸಿಕೊಡುವ ಟೂಲ್. ಆದರೆ ಡ್ರಿಲ್ ಕೆಟ್ಟರೆ ಆ ಗಳಿಗೆಯಲ್ಲೇ ಗೊತ್ತಾಗುತ್ತದೆ. ತಿರುಗುವುದಿಲ್ಲ, ಹೊಗೆ ಬರುತ್ತದೆ, ಕೆಲಸ ನಿಲ್ಲುತ್ತದೆ, ಅಷ್ಟೇ. ಟೆಸ್ಟರ್ ಕೆಟ್ಟರೆ ಹಾಗಲ್ಲ. ಕರೆಂಟ್ ಇರುವ ವೈರನ್ನು ಮುಟ್ಟಿಸಿದರೂ ಸುಮ್ಮನಿರುತ್ತದೆ. ಅದನ್ನು ನಂಬಿ ಕೈ ಹಾಕುತ್ತೇವೆ. ವೈರಿನ ತುದಿಗೆ ಲೋಹದ ಲಗ್ಸ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಅರ್ಧಂಬರ್ಧ ಒತ್ತಿದರೂ ಲಗ್ಸ್ ನೋಡಲು ಚೆನ್ನಾಗಿಯೇ ಇರುತ್ತದೆ. ತಿಂಗಳುಗಳಾದ ಮೇಲೆ ಡಿಬಿಯಿಂದ (ಬ್ರೇಕರುಗಳು ಕೂತಿರುವ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ) ಕರಟಿದ ವಾಸನೆ ಬಂದಾಗಲೇ ಅದರ ಬಣ್ಣ ಬಯಲಾಗುವುದು. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಒಂದೇ ಲೆಕ್ಕದ ಮೇಲೆ: ಕೆಟ್ಟಿದ್ದನ್ನು ತಾನಾಗಿ ಹೇಳದ ಟೂಲ್ ಯಾವುದೋ, ದುಡ್ಡು ಮೊದಲು ಅದಕ್ಕೆ ಹೋಗಬೇಕು.

ಎಲ್ಲರ ಜೇಬಿನಲ್ಲೂ ಇರುವ ಲೈನ್ ಟೆಸ್ಟರಿನಿಂದಲೇ ಶುರು ಮಾಡೋಣ. ಅದರ ಹಿಡಿಯೊಳಗೆ ಇರುವುದು ಒಂದು ಸಣ್ಣ ನಿಯಾನ್ ಬಲ್ಬು, ಅದಕ್ಕೆ ಸರಣಿಯಲ್ಲಿ ಸುಮಾರು ಒಂದು ಮೆಗಾ ಓಮ್ ರೆಸಿಸ್ಟರ್, ಒಂದು ಸ್ಪ್ರಿಂಗು, ತುದಿಯಲ್ಲಿ ಬೆರಳಿಡುವ ಲೋಹದ ಗುಂಡಿ. ಕರೆಂಟು ಹೋಗುವ ದಾರಿ ನಮ್ಮ ಮೈ. 230 ವೋಲ್ಟಿಗೆ ಒಂದು ಮೆಗಾ ಓಮ್ ಅಂದರೆ ಕಾಲು ಮಿಲಿಆಂಪಿಯರಿಗಿಂತ ಕಡಿಮೆ, ಆದ್ದರಿಂದ ಗೊತ್ತಾಗುವುದಿಲ್ಲ. ಆದರೆ ಒಣ ಮರದ ಸ್ಟೂಲ್ ಮೇಲೋ ಫೈಬರ್ ಏಣಿಯ ಮೇಲೋ ನಿಂತರೆ ಆ ದಾರಿ ಅರ್ಧ ಮುಚ್ಚಿದಂತೆ, ಬಲ್ಬು ಮಂಕಾಗುತ್ತದೆ. ಬಿಸಿಲಿನಲ್ಲಿ ಉರಿದರೂ ಕಾಣುವುದಿಲ್ಲ. ನ್ಯೂಟ್ರಲ್ ಎಲ್ಲೋ ಕಡಿದು ಹೋಗಿ ಆ ಲೈನಿನಲ್ಲಿ ಒಂದು ಲೈಟೋ ಫ್ಯಾನೋ ಆನ್ ಇದ್ದರೆ ಎರಡೂ ವೈರಿನಲ್ಲಿ ಉರಿಯುತ್ತದೆ, ಹೊಸಬರು ‘ಎರಡು ಫೇಸ್ ಬಂದಿದೆ’ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಟೆಸ್ಟರ್ ಒದ್ದೆಯಾಗಿ ಒಳಗೆ ತೇವ ಕೂತರೆ ಆ ರೆಸಿಸ್ಟರ್ ಇದ್ದೂ ಇಲ್ಲದ ಹಾಗೆ. ಫೇಸ್ ಯಾವುದು ಅಂತ ಅಂದಾಜು ಮಾಡಲು ಇದು ಸರಿ. ‘ಕರೆಂಟ್ ಇಲ್ಲ’ ಅಂತ ಖಾತ್ರಿ ಮಾಡಿಕೊಳ್ಳಲು ಇದನ್ನು ನಂಬಬಾರದು. ಅದರಿಂದಲೇ ಸ್ಕ್ರೂ ಬಿಗಿ ಮಾಡುವ ಅಭ್ಯಾಸವಂತೂ ಇನ್ನೂ ಕೆಟ್ಟದ್ದು: ತಿರುಚಿದಾಗ ಹಿಡಿ ಸೀಳುತ್ತದೆ, ಸೀಳಿದ್ದು ಕಾಣುವುದಿಲ್ಲ.

ಮುಟ್ಟದೆಯೇ ಬೀಪ್ ಅನ್ನುವ ಪೆನ್ನು ಟೆಸ್ಟರ್ ಹಿಡಿಯುವುದು ವೈರಿನ ಸುತ್ತ ಇರುವ ವಿದ್ಯುತ್ ಕ್ಷೇತ್ರವನ್ನು. ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ಲಿನ ಮೇಲೆ, ಅರ್ಥ್ ಆದ ಲೋಹದ ಪೈಪಿನ ಒಳಗಿರುವ ವೈರಿನ ಮೇಲೆ ಅದು ಕುರುಡು. ಡಿಸಿಗೂ ಕುರುಡು. ಪಕ್ಕದಲ್ಲಿ ಲೈವ್ ವೈರ್ ಓಡಿದ್ದರೆ ಸತ್ತ ವೈರನ್ನೂ ‘ಇದೆ’ ಅನ್ನುತ್ತದೆ. ವೈರ್ ಕಟ್ಟಿನಲ್ಲಿ ಹುಡುಕಾಡಲು, ಗೋಡೆಯೊಳಗೆ ಲೈನ್ ಎತ್ತ ಹೋಗಿದೆ ನೋಡಲು ಬಹಳ ಅನುಕೂಲ. ಅಲ್ಲಿಗೆ ಮಾತ್ರ.

ಮೊದಲ ದುಡ್ಡು ಹೋಗಬೇಕಾದದ್ದು ಎರಡು ಕಡ್ಡಿಯ ವೋಲ್ಟೇಜ್ ಟೆಸ್ಟರಿಗೆ, ಅಂದರೆ ಎರಡು ಪ್ರೋಬ್ ನಡುವೆ ಕೇಬಲ್ ಇದ್ದು ಒಂದರ ಮೈಮೇಲೆ ಸಾಲು ಎಲ್‌ಇಡಿ ಇರುವಂಥದ್ದು. ಇದಕ್ಕೆ ಅಂತರರಾಷ್ಟ್ರೀಯ ಸಂಸ್ಥೆ ಐಇಸಿಯ ಐಇಸಿ 61243-3 ಅಂತ ಪ್ರತ್ಯೇಕ ಮಾನದಂಡವೇ ಇದೆ; ಮೈಮೇಲೆ ಆ ನಂಬರ್ ಹುಡುಕಿ. ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್, ಮೂರೂ ಜೋಡಿಯ ನಡುವೆ ಇಟ್ಟು ನೋಡಬಹುದು, ನಮ್ಮ ಮೈ ದಾರಿಯಾಗಬೇಕಿಲ್ಲ. ಒಳ್ಳೆಯದರಲ್ಲಿ ಬ್ಯಾಟರಿ ಸತ್ತಿದ್ದರೂ ಅಪಾಯದ ವೋಲ್ಟೇಜ್ ಇದ್ದರೆ ಅದರದ್ದೇ ದೀಪ ಉರಿಯುತ್ತದೆ. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ಎರಡನೆಯದು ಲೋಡ್ ಬಟನ್. ಅದನ್ನು ಒತ್ತಿದರೆ ಟೆಸ್ಟರ್ ಸ್ವಲ್ಪ ಕರೆಂಟ್ ಎಳೆಯುತ್ತದೆ. ಪಕ್ಕದ ವೈರಿನಿಂದ ಸುಮ್ಮನೆ ತುಂಬಿಕೊಂಡ ವೋಲ್ಟೇಜ್ ಆಗಿದ್ದರೆ ಕುಸಿದು ಬೀಳುತ್ತದೆ, ನಿಜವಾದ ಸಪ್ಲೈ ಆಗಿದ್ದರೆ ನಿಲ್ಲುತ್ತದೆ. ಫೇಸ್–ಅರ್ಥ್ ನಡುವೆ ಆ ಬಟನ್ ಒತ್ತಿದರೆ, ಸೋರಿಕೆ ಕಂಡೊಡನೆ ಲೈನ್ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗಬಹುದು, ಗಾಬರಿ ಬೇಡ.

ಎಂಥ ಟೆಸ್ಟರ್ ಆದರೂ ಪರೀಕ್ಷೆಯ ಕ್ರಮ ಮೂರು ಹೆಜ್ಜೆ. ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮೊದಲು ಇಟ್ಟು ನೋಡುವುದು. ಆಮೇಲೆ ಆಫ್ ಮಾಡಿದ ಲೈನಿಗೆ. ಮತ್ತೆ ಮೊದಲಿನ ಜಾಗಕ್ಕೇ ಹೋಗಿ ಇನ್ನೊಮ್ಮೆ. ಮೂರನೆಯ ಹೆಜ್ಜೆಯನ್ನೇ ಹೆಚ್ಚಿನವರು ಬಿಡುವುದು. ಮಧ್ಯದಲ್ಲಿ ಲೀಡ್ ಕಡಿದಿದ್ದರೆ ತೋರಿಸಿಕೊಡುವುದು ಅದೊಂದೇ.

ಈಗ ಮಲ್ಟಿಮೀಟರ್. ಇದರಲ್ಲಿ ಎಷ್ಟು ಫಂಕ್ಷನ್ ಇದೆ ಅಂತ ನೋಡುವ ಮೊದಲು ಪ್ರೋಬ್ ಸಿಕ್ಕಿಸುವ ತೂತಿನ ಪಕ್ಕದಲ್ಲಿ ಬರೆದಿರುವುದನ್ನು ಓದಬೇಕು: ಕ್ಯಾಟ್ (ಕೆಟಗರಿ, ಯಾವ ಜಾಗದ ಹೊಡೆತ ತಡೆಯಬಲ್ಲದು ಅನ್ನುವ ದರ್ಜೆ) ಎಷ್ಟು, ವೋಲ್ಟ್ ಎಷ್ಟು. ಕ್ಯಾಟ್ 2 ಅಂದರೆ ಸಾಕೆಟ್ಟಿಗೆ ಪ್ಲಗ್ ಹಾಕಿ ಬಳಸುವ ಸಾಮಾನಿನ ಮಟ್ಟ. ಕ್ಯಾಟ್ 3 ಅಂದರೆ ಡಿಬಿ, ಕಟ್ಟಡದ ಸ್ಥಿರ ವೈರಿಂಗು. ಕ್ಯಾಟ್ 4 ಅಂದರೆ ಮೀಟರ್ ಬೋರ್ಡು, ಹೊರಗಿನಿಂದ ಸರ್ವಿಸ್ ಲೈನ್ ಬರುವ ಜಾಗ. ವೋಲ್ಟ್ ಹೆಚ್ಚಿದ್ದರೆ ಮೀಟರ್ ಗಟ್ಟಿ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅಲ್ಲ. ಕ್ಯಾಟ್ 2, 1000 ವೋಲ್ಟಿನ ಮೀಟರನ್ನೂ ಕ್ಯಾಟ್ 3, 600 ವೋಲ್ಟಿನ ಮೀಟರನ್ನೂ ತೆಗೆದುಕೊಳ್ಳಿ. ಎರಡಕ್ಕೂ ಕೊಟ್ಟು ನೋಡುವ ಕ್ಷಣಿಕ ಹೊಡೆತ 6000 ವೋಲ್ಟೇ. ಆದರೆ ಮೊದಲಿನದಕ್ಕೆ ಆ ಹೊಡೆತ ಬರುವುದು 12 ಓಮ್ ದಾಟಿ, ಎರಡನೆಯದಕ್ಕೆ 2 ಓಮ್ ದಾಟಿ. ಭಾಗಿಸಿ ನೋಡಿ: ಒಂದರಲ್ಲಿ 500 ಆಂಪಿಯರ್, ಇನ್ನೊಂದರಲ್ಲಿ 3000. ಡಿಬಿಯ ಒಳಗೆ ಕೆಲಸ ಮಾಡುವವರಿಗೆ ಬೇಕಾದದ್ದು ಆ ಎರಡನೆಯದು, ಮೈಮೇಲೆ 600 ಅಂತ ಕಡಿಮೆ ಅಂಕಿ ಬರೆದಿದ್ದರೂ. ನನ್ನ ಕೇಳಿದರೆ ಕ್ಯಾಟ್ 3, 600 ವೋಲ್ಟಿಗಿಂತ ಕೆಳಗಿನದನ್ನು ಮುಟ್ಟಬಾರದು. ಮೀಟರ್ ಬೋರ್ಡಿನ ಹತ್ತಿರ ಹೋಗುವವರಿಗೆ ಕ್ಯಾಟ್ 4.

ಪ್ರೋಬಿಗೂ ಇದೇ ಬರಹ ಇರುತ್ತದೆ, ಇರಲೇಬೇಕು. ಒಳ್ಳೆಯ ಮೀಟರಿಗೆ ಬೀದಿ ಬದಿಯ ತೆಳು ಲೀಡ್ ಸಿಕ್ಕಿಸಿದರೆ ಇಡೀ ಜೋಡಿ ಆ ಲೀಡಿನ ಮಟ್ಟಕ್ಕೆ ಇಳಿಯಿತು. ಕ್ಯಾಟ್ 3, ಕ್ಯಾಟ್ 4 ಪ್ರೋಬಿನಲ್ಲಿ ಬರಿ ಲೋಹ 4 ಮಿ.ಮೀ.ಗಿಂತ ಹೆಚ್ಚು ಹೊರಗೆ ಇರುವುದಿಲ್ಲ. ಕರೆಂಟ್ ಹಂಚುವ ಲೋಹದ ಪಟ್ಟಿ, ಅಂದರೆ ಬಸ್‌ಬಾರಿನ ಸಂದಿಯಲ್ಲಿ ಪ್ರೋಬ್ ಜಾರಿ ಎರಡು ಫೇಸನ್ನು ಒಟ್ಟಿಗೆ ಮುಟ್ಟದಿರಲಿ ಅಂತ ಆ ಅಳತೆ. ಸಾಕೆಟ್ಟಿನೊಳಗೆ ಎಟುಕುತ್ತಿಲ್ಲ ಅಂತ ಟೋಪಿ ಕಿತ್ತೆಸೆಯುವವರು ಇದನ್ನು ಒಮ್ಮೆ ಯೋಚಿಸಬೇಕು.

ಸಾಧ್ಯವಾದರೆ ಮೀಟರಿನ ಬೆನ್ನು ಬಿಚ್ಚಿಸಿ ಫ್ಯೂಸ್ ನೋಡಿ. ಗಾಜಿನ ಫ್ಯೂಸ್ ಇದ್ದರೆ ಹಾಗೆಯೇ ಮುಚ್ಚಿ ವಾಪಸ್ ಕೊಡಿ. ಆಂಪಿಯರ್ ಅಳೆಯುವ ತೂತಿನಲ್ಲಿ ಲೀಡ್ ಬಿಟ್ಟು ಮರೆತು ಅದನ್ನೇ ಫೇಸ್–ನ್ಯೂಟ್ರಲ್ ನಡುವೆ ಇಡುವುದು ಎಲ್ಲರಿಂದಲೂ ಒಮ್ಮೆ ಆಗುವ ತಪ್ಪು. ಆಗ ಮೀಟರ್ ಬರೀ ಒಂದು ತಂತಿ, ನೇರ ಶಾರ್ಟು. ಸಾಮಾನ್ಯ ಗಾಜಿನ ಫ್ಯೂಸ್ ಸುರಕ್ಷಿತವಾಗಿ ಕಡಿಯಬಲ್ಲದ್ದು 35 ಆಂಪಿಯರ್ ಅಥವಾ ತನ್ನ ರೇಟಿಂಗಿನ ಹತ್ತು ಪಟ್ಟು, ಯಾವುದು ಹೆಚ್ಚೋ ಅಷ್ಟು. ಡಿಬಿಯಲ್ಲಿ ಶಾರ್ಟ್ ಕರೆಂಟ್ ಸಾವಿರಗಟ್ಟಲೆ ಆಂಪಿಯರ್. ಗಾಜು ಒಡೆದು, ಕಿಡಿ ಫ್ಯೂಸಿನೊಳಗೇ ಮುಂದುವರಿದು ಮೀಟರ್ ಕೈಯಲ್ಲೇ ಸಿಡಿಯುತ್ತದೆ. ಮರಳು ತುಂಬಿದ, ಪಿಂಗಾಣಿ ಮೈಯ, 600 ಅಥವಾ 1000 ವೋಲ್ಟ್ ಅಂತ ಬರೆದ ದಪ್ಪ ಎಚ್‌ಆರ್‌ಸಿ ಫ್ಯೂಸ್ (ಭಾರೀ ಶಾರ್ಟ್ ಕರೆಂಟನ್ನೂ ಕಡಿಯಬಲ್ಲದ್ದು) ಇರಬೇಕು. ಒಮ್ಮೆ ಸುಟ್ಟರೆ ಅದೇ ಜಾತಿಯದ್ದನ್ನೇ ಹಾಕಬೇಕು. ಅದರ ಜಾಗಕ್ಕೆ ಸಿಗರೇಟ್ ಹಾಳೆ ಸುತ್ತುವವರ ಬಗ್ಗೆ ಏನೂ ಹೇಳುವುದಿಲ್ಲ.

ಟ್ರೂ ಆರ್‌ಎಂಎಸ್, ಅಂದರೆ ಅಲೆ ಹೇಗಿದ್ದರೂ ನಿಜವಾದ ಅಂಕಿ ತೋರಿಸುವ ಮೀಟರ್ ಬೇಕೇ? ಬೇಕು. ಅಗ್ಗದ ಮೀಟರ್ ಅಲೆಯ ಸರಾಸರಿ ಅಳೆದು ಅದನ್ನು 1.11ರಿಂದ ಗುಣಿಸಿ ತೋರಿಸುತ್ತದೆ. ಅಲೆ ಶುದ್ಧ ಸೈನ್ ಇದ್ದರೆ ಮಾತ್ರ ಅದು ಸರಿ. ಎಲ್‌ಇಡಿ ಡ್ರೈವರ್, ಇನ್ವರ್ಟರ್ ಏಸಿ, ಕಂಪ್ಯೂಟರ್, ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಎಳೆಯುವ ಕರೆಂಟ್ ಮುರುಕು ಮುರುಕು. ಅಲ್ಲಿ ಶೇ. 40ರವರೆಗೂ ಕಡಿಮೆ ತೋರಿಸಬಹುದು. ನ್ಯೂಟ್ರಲ್ ಬಿಸಿಯಾಗುತ್ತಿದೆ, ಮೀಟರ್ ಮಾತ್ರ ಎಲ್ಲ ಸರಿ ಅನ್ನುತ್ತಿದೆ ಅನ್ನುವ ಗೊಂದಲ ಹುಟ್ಟುವುದು ಇಲ್ಲಿಂದಲೇ.

ಟಾಂಗ್ ಟೆಸ್ಟರ್ ಅಥವಾ ಕ್ಲ್ಯಾಂಪ್ ಮೀಟರ್ ಕೊಳ್ಳುವಾಗ ಆಂಪಿಯರಿನ ಗರಿಷ್ಠ ಅಂಕಿಗೆ ಮರುಳಾಗಬೇಡಿ. ಮನೆ, ಅಂಗಡಿ ಕೆಲಸಕ್ಕೆ 400 ಆಂಪಿಯರ್ ಧಾರಾಳ. ಮುಖ್ಯವಾದದ್ದು ದವಡೆ ಎಷ್ಟು ತೆರೆಯುತ್ತದೆ, ತುದಿ ಎಷ್ಟು ತೆಳುವಾಗಿದೆ ಅನ್ನುವುದು. ತುಂಬಿ ತುಳುಕುವ ಡಿಬಿಯಲ್ಲಿ ಒಂದೇ ಒಂದು ವೈರನ್ನು ಬೇರೆ ಮಾಡಿ ಹಿಡಿಯಲು ದಪ್ಪ ದವಡೆ ಆಗುವುದಿಲ್ಲ. ಫೇಸು ನ್ಯೂಟ್ರಲ್ಲು ಎರಡನ್ನೂ ಒಟ್ಟಿಗೆ ಹಿಡಿದರೆ ಒಂದಕ್ಕೊಂದು ಕಳೆದು ಸೊನ್ನೆ ಬರುತ್ತದೆ. ಸೊನ್ನೆ ಬರದಿದ್ದರೆ ಎಲ್ಲೋ ಸೋರಿಕೆ ಇದೆ ಅಂತ ಅರ್ಥ, ಆದರೆ ಮಿಲಿಆಂಪಿಯರ್ ಮಟ್ಟದ ಸೋರಿಕೆ ಕಾಣಲು ಅದಕ್ಕೆಂದೇ ಮಾಡಿದ ಲೀಕೇಜ್ ಕ್ಲ್ಯಾಂಪ್ ಬೇಕು. ಸಣ್ಣ ಕರೆಂಟಿಗೆ ಹಳೆಯ ಉಪಾಯ ಒಂದಿದೆ. ಬಳುಕುವ ವೈರನ್ನು ದವಡೆಯೊಳಗೆ ಹತ್ತು ಸುತ್ತು ಹಾಯಿಸಿ ಬಂದ ಅಂಕಿಯನ್ನು ಹತ್ತರಿಂದ ಭಾಗಿಸುವುದು, 3.2 ತೋರಿಸಿದರೆ ನಿಜವಾದದ್ದು 0.32 ಆಂಪಿಯರ್. ಸೋಲಾರ್ ಕೆಲಸಕ್ಕೆ ಡಿಸಿ ಅಳೆಯುವ ಕ್ಲ್ಯಾಂಪ್ ಬೇರೆಯೇ ಬೇಕು, ಎಲ್ಲ ಕ್ಲ್ಯಾಂಪೂ ಡಿಸಿ ಅಳೆಯುವುದಿಲ್ಲ. ಅದನ್ನು ಪ್ರತಿ ಸಲ ಅಳೆಯುವ ಮೊದಲು ಸೊನ್ನೆಗೆ ತರಬೇಕು.

ಹೊಸ ವೈರಿಂಗ್ ಮಾಡಿ ಒಪ್ಪಿಸುವವರ ಬಳಿ ಇನ್ಸುಲೇಷನ್ ಅಳೆಯುವ ಮೆಗ್ಗರ್ ಇಲ್ಲದಿದ್ದರೆ ಅರ್ಧ ಕೆಲಸ ಆದಂತೆ. 250, 500, 1000 ವೋಲ್ಟ್ ಮೂರೂ ಇರುವ ಡಿಜಿಟಲ್ ಮೀಟರ್ ಸಾಕು. ಐಇಸಿ 60364ರ ಪ್ರಕಾರ 500 ವೋಲ್ಟಿನವರೆಗಿನ ಸರ್ಕ್ಯೂಟನ್ನು 500 ವೋಲ್ಟ್ ಡಿಸಿಯಲ್ಲಿ ನೋಡಿದಾಗ ಕನಿಷ್ಠ ಒಂದು ಮೆಗಾ ಓಮ್ ಬರಬೇಕು. ಹೊಸ ವೈರಿಂಗಿನಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುವುದೇ ರೂಢಿ. ಒಂದೂವರೆ ಬಂತು, ಪಾಸು ಅಂತ ಸುಮ್ಮನಾಗಬೇಡಿ, ಎಲ್ಲೋ ನೀರಿದೆ ಅಥವಾ ಮೊಳೆ ತಾಗಿದೆ. ಪರೀಕ್ಷೆಗೆ ಮೊದಲು ಸರ್ಜ್ ಅರೆಸ್ಟರ್, ಎಲ್‌ಇಡಿ ಫಿಟ್ಟಿಂಗ್, ಡಿಮ್ಮರ್ ಎಲ್ಲ ಬಿಚ್ಚಿಡಬೇಕು. ಬಿಚ್ಚದಿದ್ದರೆ ಒಂದೋ ಅಂಕಿ ಸುಳ್ಳಾಗುತ್ತದೆ, ಇಲ್ಲವೇ ಸಾಮಾನು ಸುಡುತ್ತದೆ. ಮಲ್ಟಿಮೀಟರಿನ ಮೆಗಾ ಓಮ್ ರೇಂಜು ಇದಕ್ಕೆ ಬದಲಿ ಅಲ್ಲ: ಅದು ಕೊಡುವುದು ಕೆಲವೇ ವೋಲ್ಟು, ಅಷ್ಟಕ್ಕೆ ದುರ್ಬಲ ಇನ್ಸುಲೇಷನ್ ಕೂಡ ಗಟ್ಟಿಯಾಗಿ ಕಾಣುತ್ತದೆ.

ಕೈ ಟೂಲ್‌ಗಳಿಗೆ ಬರೋಣ. ಕಟಿಂಗ್ ಪ್ಲೇಯರ್ ಹಿಡಿಗೆ ಬಣ್ಣದ ಪ್ಲಾಸ್ಟಿಕ್ ತೋಳು ಹಾಕಿದ ಮಾತ್ರಕ್ಕೆ ಅದು ಇನ್ಸುಲೇಟೆಡ್ ಆಗುವುದಿಲ್ಲ. ಅದ್ದಿ ತೆಗೆದ ಮೆತ್ತನೆಯ ಪಿವಿಸಿ ಹಿಡಿ ಇರುವುದು ಕೈ ಜಾರದಿರಲಿ ಅಂತ. ನಿಜವಾದದ್ದರ ಮೇಲೆ ಒಂದರೊಳಗೊಂದು ಸೇರಿದ ಎರಡು ತ್ರಿಕೋನ, ಪಕ್ಕದಲ್ಲಿ 1000 ವೋಲ್ಟ್, ತಯಾರಕರ ಹೆಸರು, ತಯಾರಾದ ವರ್ಷ ಇರುತ್ತದೆ. ಮಾನದಂಡ ಐಇಸಿ 60900. 1000 ವೋಲ್ಟ್ ಏಸಿ, 1500 ವೋಲ್ಟ್ ಡಿಸಿವರೆಗೆ ಲೈವ್ ಕೆಲಸಕ್ಕೆ ಅಂತ ಮಾಡಿದ್ದು, ಪರೀಕ್ಷಿಸುವುದು 10,000 ವೋಲ್ಟಿನಲ್ಲಿ. ವರ್ಷ ಇಲ್ಲದೆ ಬರೀ ‘1000 ವೋಲ್ಟ್’ ಅಂತ ಸ್ಟಿಕ್ಕರ್ ಅಂಟಿಸಿದ್ದನ್ನು ಕಂಡರೆ ಪಕ್ಕಕ್ಕಿಡಿ. ಎರಡು ಬಣ್ಣದ ಪದರ ಇರುವುದು ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮೇಲಿನ ಪದರ ಕೊಯ್ದರೆ ಒಳಗಿನ ಬಣ್ಣ ಇಣುಕುತ್ತದೆ. ಕೆಟ್ಟಿದ್ದನ್ನು ತಾನೇ ಹೇಳುವ ಟೂಲ್ ಅಂದರೆ ಇದು.

ಅಳತೆ: ಕಟಿಂಗ್ ಪ್ಲೇಯರ್ 200 ಮಿ.ಮೀ., ಸೈಡ್ ಕಟ್ಟರ್ 160, ನೋಸ್ ಪ್ಲೇಯರ್ 200. ತಾಮ್ರ ಕತ್ತರಿಸುವ ಕಟ್ಟರಿನಲ್ಲಿ ಸ್ಪ್ರಿಂಗ್ ತಂತಿ, ಆರ್ಮರಿನ ಉಕ್ಕಿನ ತಂತಿ ಕತ್ತರಿಸಿದರೆ ಅಲಗಿನಲ್ಲಿ ಅರ್ಧ ಚಂದ್ರ ಬೀಳುತ್ತದೆ. ಆಮೇಲೆ ಸಣ್ಣ ಎಳೆ ಕತ್ತರಿಸುವುದಿಲ್ಲ, ಮಡಚುತ್ತದೆ. ಉಕ್ಕಿಗೆ ಹಳೆಯದೊಂದನ್ನು ಮೀಸಲಿಡಿ.

ಸ್ಕ್ರೂಡ್ರೈವರ್ ವಿಷಯದಲ್ಲಿ ಒಂದು ಸಣ್ಣ ಸಂಗತಿ ಬಹಳ ಜನರ ಕಣ್ಣು ತಪ್ಪಿದೆ. ಎಂಸಿಬಿಯ (ಡಿಬಿಯೊಳಗಿನ ಬ್ರೇಕರಿನ) ಸ್ಕ್ರೂ ತಲೆಯನ್ನು ಟಾರ್ಚ್ ಬಿಟ್ಟು ಹತ್ತಿರದಿಂದ ನೋಡಿ. ಪ್ಲಸ್ ಗುರುತಿನ ನಾಲ್ಕು ಕೈಗಳ ನಡುವೆ ಕೂದಲಿನಷ್ಟು ತೆಳ್ಳಗಿನ ಇನ್ನೂ ನಾಲ್ಕು ಗೆರೆ ಕಂಡರೆ ಅದು ಪೊಝಿಡ್ರೈವ್, ಫಿಲಿಪ್ಸ್ ಅಲ್ಲ. ಫಿಲಿಪ್ಸಿನ ತುದಿ ಚೂಪಾಗುತ್ತಾ ಹೋಗುತ್ತದೆ, ಪೊಝಿಡ್ರೈವಿನ ಕೈಗಳ ಬದಿ ನೇರ. ಫಿಲಿಪ್ಸ್ ಹಾಕಿ ಜೋರಾಗಿ ತಿರುಗಿಸಿದರೆ ತುದಿ ಮೇಲಕ್ಕೆ ಜಾರುತ್ತದೆ, ‘ಬಿಗಿಯಾಯ್ತು’ ಅಂತ ಕೈಗೆ ಅನಿಸುತ್ತದೆ, ಸ್ಕ್ರೂ ಇನ್ನೂ ಸಡಿಲವೇ. ಎಷ್ಟೋ ಬ್ರೇಕರುಗಳಲ್ಲಿ ಒಂದು ಸೀಳು ಉದ್ದವಾಗಿದ್ದು ಪ್ಲಸ್ಸೂ ಮೈನಸ್ಸೂ ಸೇರಿದ ತಲೆ ಇರುತ್ತದೆ. ಅದಕ್ಕೆಂದೇ ಪ್ಲಸ್-ಮೈನಸ್ ಬಿಟ್ ಬರುತ್ತದೆ, 1 ಮತ್ತು 2 ನಂಬರ್. ಈ ಎರಡನ್ನು ಕೊಂಡರೆ ಡಿಬಿ ಕೆಲಸದ ಬಹುಪಾಲು ಮುಗಿಯುತ್ತದೆ. ಚಪ್ಪಟೆ ಬಾಯಿಯಲ್ಲಿ 0.5×3, 0.8×4, 1×5.5 ಮಿ.ಮೀ. ಮೂರು ಬೇಕು: ಚಿಕ್ಕದು ಟರ್ಮಿನಲ್ ಬ್ಲಾಕಿಗೆ, ಉಳಿದವು ಸ್ವಿಚ್ಚು ಸಾಕೆಟ್ಟಿಗೆ. ಕೊಳ್ಳುವಾಗ ಇನ್ಸುಲೇಷನ್ ಅಲಗಿನ ತುದಿಯವರೆಗೂ ಒಂದೇ ದಪ್ಪದಲ್ಲಿ ಇರುವ ಸ್ಲಿಮ್ ಮಾದರಿ ಕೇಳಿ, ಇಲ್ಲದಿದ್ದರೆ ಆಳದಲ್ಲಿರುವ ಸ್ಕ್ರೂವಿನ ತೂತಿಗೆ ಅದು ಇಳಿಯುವುದೇ ಇಲ್ಲ. ಇಳಿಯಲಿಲ್ಲ ಅಂತ ಇನ್ಸುಲೇಷನ್ ಕೆರೆದು ತೆಳ್ಳಗೆ ಮಾಡುವುದು ಆಮೇಲೆ ಶುರುವಾಗುತ್ತದೆ.

ಜಾಯಿಂಟಿನ ಟೂಲ್‌ಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಬೆಂಕಿ ಹತ್ತುವುದು ಅಲ್ಲಿಂದ. ಲೆಕ್ಕ ನೋಡಿ: ಒಂದು ಸಡಿಲ ಜಾಯಿಂಟಿನಲ್ಲಿ 0.1 ಓಮ್ ಇದೆ, ಅದರ ಮೂಲಕ 20 ಆಂಪಿಯರ್ ಹೋಗುತ್ತಿದೆ ಅನ್ನೋಣ. 20×20×0.1, ಅಂದರೆ 40 ವ್ಯಾಟ್. ಅದು ಒಂದು ಸಾಲ್ಡರಿಂಗ್ ಐರನ್ನಿನ ಶಾಖ, ಪ್ಲಾಸ್ಟಿಕ್ ಡಬ್ಬಿಯೊಳಗೆ, ಗಂಟೆಗಟ್ಟಲೆ. ವೋಲ್ಟೇಜ್ ಇಳಿಯುವುದು ಬರೀ ಎರಡು, ಎಂಸಿಬಿಗೆ ಇದರ ಸುಳಿವೇ ಸಿಗುವುದಿಲ್ಲ.

ಮೊದಲು ಸ್ಟ್ರಿಪ್ಪರ್. ಹಲ್ಲಿನಿಂದಲೋ ಕಟ್ಟರಿನಿಂದಲೋ ಸುಲಿದರೆ ತಾಮ್ರದ ಎಳೆಗಳಿಗೆ ಗಾಯವಾಗುತ್ತದೆ, ಬಗ್ಗಿಸಿದಾಗ ಆ ಗಾಯದಲ್ಲೇ ಮುರಿಯುತ್ತದೆ. ಏಳು ಎಳೆಯಲ್ಲಿ ಎರಡು ಹೋದರೆ ವೈರಿನ ಶೇ. 28ಕ್ಕೂ ಹೆಚ್ಚು ಹೋಯಿತು. ತಾನಾಗಿ ದಪ್ಪಕ್ಕೆ ಹೊಂದಿಕೊಳ್ಳುವ ಸ್ಟ್ರಿಪ್ಪರ್ ಪಿವಿಸಿಗೆ ಚೆನ್ನ. ಸಿಲಿಕೋನ್, ಟೆಫ್ಲಾನ್ ಕವಚದ ಮೇಲೆ ಜಾರುತ್ತದೆ ಅಥವಾ ಎಳೆದು ಉದ್ದ ಮಾಡುತ್ತದೆ, ಅಲ್ಲಿ ಅಳತೆಯ ತೂತಿರುವ ಮಾದರಿಯೇ ವಾಸಿ. ಕೊಳ್ಳುವ ಮುಂಚೆ 1.5 ಮತ್ತು 4 ಚದರ ಮಿ.ಮೀ. ವೈರಿನ ತುಂಡು ಕೈಯಲ್ಲಿ ಹಿಡಿದುಕೊಂಡು ಹೋಗಿ, ಸುಲಿದು, ಎಳೆಗಳನ್ನು ಬಿಡಿಸಿ ಎಣಿಸಿ. ಸುಲಿಯುವ ಉದ್ದವನ್ನು ನಿಲ್ಲಿಸುವ ತಡೆ ಇದ್ದರೆ ಒಳ್ಳೆಯದು. ಎಂಟು ಮಿ.ಮೀ. ಉದ್ದದ ಫೆರೂಲಿಗೆ (ಎಳೆಗಳನ್ನು ಒಟ್ಟಿಗೆ ಹಿಡಿಯುವ ಸಣ್ಣ ಲೋಹದ ಕೊಳವೆಗೆ) ಹತ್ತು ಮಿ.ಮೀ. ಸುಲಿಯಬೇಕು, ಪ್ರತಿ ಸಲವೂ ಅಷ್ಟೇ ಬಂದರೆ ಡಿಬಿ ಅಂದವಾಗಿರುತ್ತದೆ.

ಬಹು ಎಳೆಯ ವೈರನ್ನು ಹಾಗೆಯೇ ತಿರುಚಿ ಸ್ಕ್ರೂ ಕೆಳಗೆ ಇಟ್ಟರೆ ಕೆಲವು ಎಳೆ ಪಕ್ಕಕ್ಕೆ ಸರಿಯುತ್ತವೆ, ಕೆಲವು ತುಂಡಾಗುತ್ತವೆ. ತುದಿಗೆ ಸಾಲ್ಡರ್ ಹಾಕುವುದು ಅದಕ್ಕಿಂತ ಕೆಟ್ಟದ್ದು. ಸೀಸ ತವರ ಒತ್ತಡದಲ್ಲಿ ನಿಧಾನವಾಗಿ ಹರಿಯುತ್ತದೆ, ಇವತ್ತು ಬಿಗಿಯಾದ ಸ್ಕ್ರೂ ಕೆಲವು ತಿಂಗಳಲ್ಲಿ ಸಡಿಲ. ಫೆರೂಲ್ ಹಾಕಿ ಕ್ರಿಂಪ್ ಮಾಡುವುದೇ ಸರಿ. ಅದಕ್ಕೆ ರ‍್ಯಾಚೆಟ್ ಇರುವ ಟೂಲ್ ಬೇಕು, ಪೂರ್ತಿ ಒತ್ತುವವರೆಗೆ ಅದು ಬಾಯಿ ಬಿಡುವುದಿಲ್ಲ. ಸಂಜೆ ಹೊತ್ತಿಗೆ ಕೈ ಸೋತಾಗಲೂ ನೂರನೆಯ ಕ್ರಿಂಪ್ ಮೊದಲನೆಯದರಂತೆಯೇ ಬರುವುದು ಇದರಿಂದ. 0.25ರಿಂದ 6 ಅಥವಾ 10 ಚದರ ಮಿ.ಮೀ.ವರೆಗೆ ತಾನೇ ಹೊಂದಿಕೊಳ್ಳುವ, ನಾಲ್ಕು ಅಥವಾ ಆರು ಮೂಲೆಯಲ್ಲಿ ಒತ್ತುವ ಮಾದರಿ ಕೊಂಡರೆ ಡೈ, ಅಂದರೆ ಒತ್ತುವ ಅಚ್ಚು, ಬದಲಿಸುವ ರಗಳೆ ಇಲ್ಲ. ಜರ್ಮನ್ ಮಾನದಂಡ ಡಿಐಎನ್ 46228ರಲ್ಲಿ ಒಂದೂವರೆ ಚದರ ಮಿ.ಮೀ. ಕಪ್ಪು, ಎರಡೂವರೆ ನೀಲಿ, ಆದರೆ ಬೇರೆ ಬಣ್ಣದ ಪದ್ಧತಿಗಳೂ ಪೇಟೆಯಲ್ಲಿ ಇವೆ, ಪೊಟ್ಟಣದ ಮೇಲಿನ ಅಂಕಿ ನೋಡಿಯೇ ಕೊಳ್ಳಿ.

ಕೆಂಪು, ನೀಲಿ, ಹಳದಿ ತೋಳಿನ ರಿಂಗ್ ಮತ್ತು ಪಿನ್ ಲಗ್ಸ್‌ಗೆ ಬೇರೆಯೇ ಡೈ. ಫೆರೂಲ್ ಟೂಲಿನಲ್ಲಿ ಅದನ್ನು ಒತ್ತಬಾರದು. ಕಟಿಂಗ್ ಪ್ಲೇಯರಿನಲ್ಲಿ ಚಪ್ಪಟೆ ಮಾಡುವುದಂತೂ ಕ್ರಿಂಪೇ ಅಲ್ಲ. ಹೊಸ ಟೂಲ್ ಬಂದ ದಿನ ಹತ್ತು ಕ್ರಿಂಪ್ ಮಾಡಿ, ವೈರನ್ನು ವೈಸಿಗೆ ಸಿಕ್ಕಿಸಿ ಒಂದೊಂದನ್ನೂ ಎಳೆಯಿರಿ. ಒಂದು ಕಿತ್ತು ಬಂದರೂ ಟೂಲ್ ಅಥವಾ ಡೈ ತಪ್ಪು. ಇನ್ನೊಂದನ್ನು ಗರಗಸದಲ್ಲಿ ಅಡ್ಡ ಕೊಯ್ದು ನೋಡಿ. ಎಳೆಗಳ ನಡುವೆ ಖಾಲಿ ಜಾಗ ಕಾಣಬಾರದು, ಎಲ್ಲ ಒಂದಕ್ಕೊಂದು ಒತ್ತಿ ಜೇನುಗೂಡಿನ ಹಾಗೆ ಮೂಲೆ ಮೂಲೆಯಾಗಿರಬೇಕು.

ಎಷ್ಟು ಬಿಗಿ ಅಂತ ಅಳತೆ ಇಟ್ಟು ತಿರುಗಿಸುವ ಟಾರ್ಕ್ ಸ್ಕ್ರೂಡ್ರೈವರ್ ಅನ್ನು ಕೆಲವರು ಶೋಕಿ ಅನ್ನುತ್ತಾರೆ. ಬ್ರೇಕರಿನ ಮೈಮೇಲೆ ಎಷ್ಟು ನ್ಯೂಟನ್ ಮೀಟರ್ ಅಂತ ಬರೆದಿರುತ್ತದೆ, ಸಾಮಾನ್ಯವಾಗಿ ಎರಡು ಮೂರರ ಆಸುಪಾಸು. ಕೈ ಅಂದಾಜಿನಲ್ಲಿ ಒಬ್ಬರು ಅರ್ಧ ಬಿಗಿ ಮಾಡುತ್ತಾರೆ, ಇನ್ನೊಬ್ಬರು ಸ್ಕ್ರೂವಿನ ಥ್ರೆಡ್ ಕೀಳುತ್ತಾರೆ. 1ರಿಂದ 5 ನ್ಯೂಟನ್ ಮೀಟರ್ ಇರುವುದು ಸಾಕು. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ತಿರುಗಿಸಿಡಿ, ಒಳಗಿನ ಸ್ಪ್ರಿಂಗ್ ಬಾಳುತ್ತದೆ.

ಇಷ್ಟಾದ ಮೇಲೆ ಡ್ರಿಲ್. ಕಾಂಕ್ರೀಟ್ ಕೊರೆಯಲು ಎಸ್‌ಡಿಎಸ್ ಪ್ಲಸ್ (ಕೀಲಿ ಇಲ್ಲದೆ ಬಿಟ್ ಸಿಕ್ಕಿಸುವ ಬಗೆ) ರೋಟರಿ ಹ್ಯಾಮರ್, ಅದರಲ್ಲಿ ಎರಡು ಮಾತಿಲ್ಲ. ಚಕ್ ಇರುವ ಮಾಮೂಲಿ ಇಂಪ್ಯಾಕ್ಟ್ ಡ್ರಿಲ್ ಹಲ್ಲಿರುವ ಎರಡು ಬಿಲ್ಲೆ ಒಂದಕ್ಕೊಂದು ಉಜ್ಜಿ ನಡುಗುತ್ತದೆ, ನಾವು ಮೈಭಾರ ಹಾಕಿದಷ್ಟೇ ಕೆಲಸ. ರೋಟರಿ ಹ್ಯಾಮರಿನಲ್ಲಿ ಗಾಳಿಯ ಒತ್ತಡದ ಪಿಸ್ಟನ್ ಬಿಟ್ಟನ್ನು ಹೊಡೆಯುತ್ತದೆ, ಒತ್ತುವ ಅಗತ್ಯ ಇಲ್ಲ, ಒತ್ತಿದರೆ ನಿಧಾನವಾಗುತ್ತದೆ. ಗೋಡೆಗೆ ಕ್ಲ್ಯಾಂಪ್ ಬಡಿಯುವ 6ರಿಂದ 12 ಮಿ.ಮೀ. ತೂತಿಗೆ ಎರಡು ಜೌಲ್ ಹೊಡೆತದ ಹಗುರ ಮಷಿನ್ ಸಾಕು. ತಲೆ ಮೇಲೆ ಎತ್ತಿ ಸ್ಲ್ಯಾಬ್ ಕೊರೆಯುವವರಿಗೆ ಅರ್ಧ ಕಿಲೋ ವ್ಯತ್ಯಾಸ ದೊಡ್ಡದು. ಕಬ್ಬಿಣದ ರಾಡ್ ತಾಗಿದಾಗ ಬಿಟ್ ಕಚ್ಚಿಕೊಂಡು ಮಷಿನ್ ತಿರುಗಿ ಮಣಿಕಟ್ಟು ಉಳುಕಿಸುತ್ತದೆ, ಆದ್ದರಿಂದ ಕ್ಲಚ್ ಮತ್ತು ಪಕ್ಕದ ಹಿಡಿ ಇಲ್ಲದ್ದು ಬೇಡ. ನಾಲ್ಕು ಅಂಚಿನ ಕಾರ್ಬೈಡ್ ಬಿಟ್ ಹಾಗೆ ಕಚ್ಚಿಕೊಳ್ಳುವುದು ಕಡಿಮೆ.

ಬ್ಯಾಟರಿ ಮಷಿನ್ ಕೊಳ್ಳುವವರು ಮಷಿನ್ ಅಲ್ಲ, ಬ್ಯಾಟರಿ ಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಕು. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ, ಮೊದಲ ಮಷಿನ್ನೇ ಮುಂದಿನ ಹತ್ತನ್ನು ತೀರ್ಮಾನಿಸುತ್ತದೆ. ಆ ಕುಟುಂಬದಲ್ಲಿ ಹ್ಯಾಮರ್, ಗ್ರೈಂಡರ್, ಲೈಟು, ಬ್ಲೋವರ್ ಎಲ್ಲ ಇದೆಯೇ ಅಂತ ಮೊದಲು ನೋಡಿ. ‘20 ವೋಲ್ಟ್ ಮ್ಯಾಕ್ಸ್’ ಮತ್ತು ‘18 ವೋಲ್ಟ್’ ಒಂದೇ. ಎರಡರಲ್ಲೂ ಸರಣಿಯಲ್ಲಿ ಐದು ಸೆಲ್, ತುಂಬಿದಾಗ ತಲಾ ನಾಲ್ಕು ವೋಲ್ಟ್ ಲೆಕ್ಕ ಹಿಡಿದರೆ 20, ಕೆಲಸದ ಸರಾಸರಿ 3.6 ಹಿಡಿದರೆ 18. ಹೋಲಿಸಬೇಕಾದದ್ದು ವ್ಯಾಟ್ ಅವರ್: 18 ವೋಲ್ಟ್, 2 ಆಂಪಿಯರ್ ಅವರ್ ಅಂದರೆ 36, 5 ಅಂದರೆ 90. ಹ್ಯಾಮರಿಗೆ ಚಿಕ್ಕ ಬ್ಯಾಟರಿ ಹಾಕಿದರೆ ಬೇಗ ಖಾಲಿಯಾಗುವುದಷ್ಟೇ ಅಲ್ಲ, ಒಂದೇ ಸಾಲು ಸೆಲ್ ಇರುವುದರಿಂದ ಭಾರ ಬಿದ್ದಾಗ ವೋಲ್ಟೇಜ್ ಕುಸಿದು ಹೊಡೆತವೂ ಸೊರಗುತ್ತದೆ.

ವೈರಿನ ಪೈಪ್ ಕೂರಿಸಲು ಗೋಡೆಯಲ್ಲಿ ಉದ್ದ ಸೀಳು ಕೊರೆಯಲು ಗ್ರೈಂಡರ್ ಬಳಸುವವರು ಗಾರ್ಡ್ ಕಿತ್ತು ದೊಡ್ಡ ಡಿಸ್ಕ್ ಹಾಕುವುದುಂಟು, ಆಳ ಸಾಲದು ಅಂತ. ನೂರು ಮಿ.ಮೀ. ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. 180ರ ಡಿಸ್ಕಿಗೆ ಮಿತಿ 8,500ರ ಆಸುಪಾಸು. ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ, ಡಿಸ್ಕ್ ತಡೆಯುವುದು 80. ಚೂರಾದರೆ ಎತ್ತ ಹಾರುತ್ತದೆ ಹೇಳಲಾಗದು. ದಿನವೂ ಗೋಡೆ ಕೊರೆಯುವ ಕೆಲಸವಿದ್ದರೆ ಎರಡು ಡಿಸ್ಕಿನ ವಾಲ್ ಚೇಸರ್ ಮತ್ತು ಅದಕ್ಕೆ ವ್ಯಾಕ್ಯೂಮ್ ಒಟ್ಟಿಗೇ ಕೊಳ್ಳಿ. ಆ ಧೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ಬಟ್ಟೆ ಕಟ್ಟಿಕೊಂಡರೆ ಆಗದು. ಎನ್95ಗಿಂತ ಕೆಳಗಿನ ಮಾಸ್ಕ್ ಬೇಡ, ಎಫ್‌ಎಫ್‌ಪಿ3 ಇನ್ನೂ ಒಳ್ಳೆಯದು.

ಉಳಿದದ್ದು ಚುಟುಕಾಗಿ. ವೈರ್ ಎಳೆಯುವ ಸ್ಪ್ರಿಂಗ್ ಉಕ್ಕಿನದಾದರೆ ಅದರ ತುದಿ ಲೈವ್ ಬಸ್‌ಬಾರಿಗೆ ತಾಗಬಹುದು, ಹೊಸದಾಗಿ ಕೊಳ್ಳುವುದಾದರೆ ನೈಲಾನ್ ಅಥವಾ ಫೈಬರ್. ಏಣಿಯೂ ಅಷ್ಟೇ, ಅಲ್ಯೂಮಿನಿಯಂ ಬೇಡ. ತಗಡಿನ ಬಾಕ್ಸಿಗೆ 20, 25 ಮಿ.ಮೀ. ತೂತು ಮಾಡಲು ಸ್ಟೆಪ್ ಡ್ರಿಲ್ ಸಾಕು, ನಿಧಾನ ವೇಗದಲ್ಲಿ ಒಂದು ಹನಿ ಎಣ್ಣೆ ಹಾಕಿ. ತುಂಬಾ ಪ್ಯಾನೆಲ್ ಮಾಡುವವರಿಗೆ ಮಾತ್ರ ಪಂಚ್. ಎಂಸಿಬಿ ಲಾಕು ಮತ್ತು ಸಣ್ಣ ಬೀಗ ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕವು, ಆದರೂ ಬ್ಯಾಗಿನಲ್ಲಿ ಕಾಣುವುದು ಅಪರೂಪ. ಏಣಿ ಮೇಲೆ ಇರುವಾಗ ಕೆಳಗೆ ಯಾರೋ ‘ಇದೇಕೆ ಆಫ್ ಆಗಿದೆ’ ಅಂತ ಎತ್ತಿಬಿಡುವುದನ್ನು ತಡೆಯುವುದು ಅದೇ.

ಲೈವ್ ಕೆಲಸಕ್ಕೆ ರಬ್ಬರ್ ಗ್ಲೌಸ್ ಕೊಳ್ಳುವುದಾದರೆ ಐಇಸಿ 60903, ಕ್ಲಾಸ್ 0, ಅಂದರೆ 1000 ವೋಲ್ಟ್ ಏಸಿಗೆ. ಪ್ರತಿ ಸಲ ಹಾಕಿಕೊಳ್ಳುವ ಮೊದಲು ಮಣಿಕಟ್ಟಿನ ಕಡೆಯಿಂದ ಸುರುಳಿ ಸುತ್ತಿ ಗಾಳಿ ಹಿಡಿದು ಕಿವಿಯ ಹತ್ತಿರ ಇಟ್ಟು ಕೇಳಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಸುಯ್ ಅನ್ನುತ್ತದೆ. ಮೇಲೆ ಚರ್ಮದ ಗ್ಲೌಸ್ ಬೇಕು, ಇಲ್ಲದಿದ್ದರೆ ತಾಮ್ರದ ಒಂದು ಎಳೆ ಚುಚ್ಚಿದರೆ ಮುಗಿಯಿತು.

ಹಳೆ ಮಾಲು ಕೊಳ್ಳುವುದು ತಪ್ಪಲ್ಲ: ಹ್ಯಾಮರ್, ಪಂಚ್, ವೈಸ್, ಏಣಿ ಹಳೆಯದಾದರೆ ನೋಡಿ ತಿಳಿಯಬಹುದು. ಮೀಟರ್, ಇನ್ಸುಲೇಟೆಡ್ ಟೂಲ್, ಗ್ಲೌಸ್ ಮಾತ್ರ ಹಳೆಯದು ಬೇಡ. ಇನ್ಸುಲೇಷನ್ ಕೊಯ್ದ ಹಳೆ ಕಟಿಂಗ್ ಪ್ಲೇಯರಿಗೆ ಟೇಪ್ ಸುತ್ತಿ ಅದೇ ಬ್ಯಾಗಿನಲ್ಲಿ ಇಡುವುದೂ ಬೇಡ. ಕತ್ತಲಲ್ಲಿ ತಡಕಾಡುವಾಗ ಕೈಗೆ ಬರುವುದು ಯಾವುದು ಅಂತ ಹೇಳಲಾಗದು. ಹಿಡಿಯ ಪ್ಲಾಸ್ಟಿಕ್ಕನ್ನು ಪೂರ್ತಿ ಸುಲಿದು ಬರಿ ಉಕ್ಕು ಮಾಡಿ, ಪೈಪಿನ ಕೆಲಸದ ಡಬ್ಬಿಗೆ ಹಾಕಿ.